ಸೂಜಿ ಎಲೆ

ಬ್ಯಾಂಕಿನ ಮೇಡಂ ಹರಿದ ಪ್ಯಾಂಟೊಂದು ತಂದುಕೊಟ್ಟರು,
ಎಡ ಮೊಣಕಾಲಿನಲ್ಲಿ ಎರಡು ಬೆರಳಗಲ ಹರಕು.
ಜೀನ್ಸ್ ಅಲ್ಲ, ಎಂಥದೋ ಹಗುರ ಬಟ್ಟೆ,
ಹಿಡಿದರೆ ಕೈಯಲ್ಲಿ ಏನೂ ಇಲ್ಲದ ಹಾಗೆ.
"ಹಿಮದ ಮೇಲೆ ಬಿದ್ದೆ" ಅಂದರು, ಬಹುಮಾನ ಬಂದವರಂತೆ ನಕ್ಕರು.
ಜೇಬು ಮಗುಚಿದಾಗ ಉದುರಿತು
ಬೆರಳುದ್ದದ ಎಲೆ, ಒಣಗಿದ್ದು, ಚೂಪು.
ಇಪ್ಪತ್ತೆರಡು ವರ್ಷ ಸೂಜಿ ಹಿಡಿದವನು ನಾನು,
ಮರವೂ ಸೂಜಿ ಹಡೆಯುತ್ತದೆಂದು
ಕೌಲ್ ಬಜಾರಿನಲ್ಲಿ ಯಾರೂ ಹೇಳಿರಲಿಲ್ಲ.

ಹದಿನಾರನೇ ನಂಬರಿನ ಸೂಜಿಗಳ ಡಬ್ಬಿಯಲ್ಲಿಟ್ಟೆ.
ಅಲ್ಲಿಂದ ಶುರು.

"ದೂರದ ಬೆಟ್ಟ ನುಣ್ಣಗೆ, ಗಾದಿಲಿಂಗಣ್ಣ"
ಅಂದಳು ಗುಂಡಿ ಹಚ್ಚುವ ರುದ್ರಮ್ಮ.
ನಮ್ಮೂರಿನದು ಹತ್ತಿರದಿಂದಲೂ ನುಣ್ಣಗೇ, ಅವ್ವಾ,
ಒಂದೇ ಬಂಡೆ, ಏಪ್ರಿಲ್ಲಿನಲ್ಲಿ ರೊಟ್ಟಿ ಸುಡುವ ಹೆಂಚು.

ಎರ್ರಿಸ್ವಾಮಿಯದು ಝೆರಾಕ್ಸ್ ಅಂಗಡಿ,
ಮೂರು ಸಲ ಹೋಗಿ ಬಂದವನು.
ಒಗ್ಗಾಣಿ ತಟ್ಟೆ ಸರಿಸಿ ಹಾಳೆ ಹರಡಿದ.
ಕೇದಾರಕಂಠ: ಹೆಸರು ದೊಡ್ಡದು,
ಡಿಸೆಂಬರಿನಲ್ಲಿ ಬಸ್ ಸ್ಟ್ಯಾಂಡಿನಷ್ಟು ಜನ.
ಹಂಪ್ತಾ: ಹದಿನಾಲ್ಕು ಸಾವಿರ ಅಡಿ. ಹಂಪಿಯ ತಂಗಿಯೇನೋ ಅನ್ನಿಸಿ
ನನಗೆ ಅದರ ಮೇಲೇ ಮನಸ್ಸು.
ದಯಾರಾ: ಹುಲ್ಲುಗಾವಲು, ಇಳಿಜಾರು ಮೆತ್ತಗೆ.
"ಹುಲ್ಲು ನೋಡಾಕ ಅಷ್ಟು ದೂರ ಹೋಗ್ಲೇನು?" ಅಂದೆ.
ಅವನು ಮಿರ್ಚಿ ಮುರಿದ. "ಅಣ್ಣಾ, ಅಲ್ಲಿ ಉಸಿರು ಸಾಲ ಕೊಡೋರಿಲ್ಲ.
ತಲೆನೋವು ಬಂದ್ರ ಬಾಯಿಬಿಟ್ಟು ಹೇಳು.
ಮೊದಲ್ನೇ ಸಲ ಗಂಡಸ್ತನ ತೋರ್ಸಬ್ಯಾಡ."

ಪಟ್ಟಿಯ ಕೊನೆಗೆ ದಪ್ಪ ಅಕ್ಷರ:
ಜೀನ್ಸ್ ತರಬೇಡಿ. ನೆನೆದರೆ ಒಣಗದು, ಭಾರ, ಕಾಲು ಮರಗಟ್ಟುತ್ತದೆ.
ಎರಡು ಸಲ ಓದಿದೆ.
ಸಾವಿರ ಕಾಲುಗಳಿಗೆ ನಾನು ಹೊಲಿದುಕೊಟ್ಟದ್ದು
ಅಲ್ಲಿ ಒಂದು ಕಾಲಿಗೂ ಆಗದು.

ಆದರೂ ಹತ್ತು ಕೆಜಿ ಜೀನ್ಸಿನ ಚಿಂದಿ
ಬ್ಯಾಗಿಗೆ ತುಂಬಿ ಬೆನ್ನಿಗೇರಿಸಿದೆ,
ಬೆಳಿಗ್ಗೆ ಕೋಟೆ ಗುಡ್ಡದ ಮೆಟ್ಟಿಲು.
ಮೊದಲ ವಾರ ಎದೆಯೊಳಗೆ ಓವರ್‌ಲಾಕ್ ಮಷೀನು.
ಮೆಟ್ಟಿಲು ಎಣಿಸಿದರೆ ಪ್ರತಿ ಸಲ ಬೇರೆ ಲೆಕ್ಕ;
ನಲ್ಲಿ ನೀರು ಬರುವ ದಿನ ಮಾತ್ರ ರಜೆ,
ಕೊಡ ಹೊತ್ತದ್ದೇ ಅವತ್ತಿನ ಕಸರತ್ತು.

ಚಳಿ ಎಲ್ಲಿ ಸಿಗುತ್ತದೆ ಬಳ್ಳಾರಿಯಲ್ಲಿ?
ಮೆಹಬೂಬನ ಭಾವ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ ವಾಚ್‌ಮನ್.
ಹತ್ತು ನಿಮಿಷ ಒಳಗೆ ಬಿಟ್ಟ.
ಬ್ಯಾಡಗಿ ಚೀಲಗಳ ನಡುವೆ ನಿಂತೆ,
ಹಲ್ಲು ಕಟಕಟ, ಮೂಗು ಉರಿ,
ನಡುಗುತ್ತಲೇ ಹದಿನೇಳು ಸೀನು.
ಹಿಮಾಲಯದಲ್ಲಿ ಖಾರ ಇರಲಿಕ್ಕಿಲ್ಲ,
ಅಷ್ಟು ಲಾಭ.

ರಾತ್ರಿ ಹಾಳೆಯ ಮುಂದೆ ಕೂತೆ.
ಹಂಪ್ತಾಕ್ಕೆ ಐದು ದಿನ, ಐದೂ ದಿನ ನಡಿಗೆ.
ದಯಾರಾಕ್ಕೆ ಒಂದು ದಿನ ಸುಮ್ಮನೆ ಬಿಟ್ಟಿದ್ದರು,
ಮಳೆ ಬಂದರೆ, ಮೈ ಹುಷಾರು ತಪ್ಪಿದರೆ, ಅಂತ.
ಅಷ್ಟು ಸಾಕಾಯಿತು ನನಗೆ.
ಹೊಸ ಹುಡುಗರಿಗೆ ಮೊದಲು ನಾನು ಕಲಿಸುವುದೂ ಅದೇ:
ಗೆರೆಯ ಮೇಲೇ ಕತ್ತರಿ ಆಡಿಸಬೇಡ್ರೋ,
ಹೊಲಿಗೆಗೆ ಅರ್ಧ ಇಂಚು ಬಿಡ್ರಿ.

"ಅಷ್ಟು ಮ್ಯಾಲ ಹೋಗಿ ಏನು ಮಾಡ್ತಿ?" ಕೇಳಿದಳು ನೀಲಮ್ಮ,
ಗುಂತಕಲ್ಲಿಂದ ದಿಲ್ಲಿಗೆ ಟಿಕೆಟ್ಟಿನ ದುಡ್ಡು
ಎರಡನೇ ಸಲ ಎಣಿಸುತ್ತಾ.
"ಇಳೀತೀನಿ" ಅಂದೆ.
ನಗಲಿಲ್ಲ. ಎಣಿಸಿ ಮುಗಿಸಿ, ತನ್ನದೊಂದು ಐನೂರು ಸೇರಿಸಿದಳು.

ಫಾರಂನಲ್ಲಿ ಒಂದು ಸಾಲು ಖಾಲಿ ಉಳಿದಿತ್ತು:
ಈ ಹಿಂದೆ ಏರಿದ ಬೆಟ್ಟ, ಅದರ ಎತ್ತರ.
ಬಳ್ಳಾರಿ ಗುಡ್ಡ, ಬರೆದೆ. ದಿನಾಲೂ.
ಎತ್ತರ ಗೊತ್ತಿರಲಿಲ್ಲ.
ಮರುದಿನ ಗೇಟಿನ ಕಾವಲುಗಾರನನ್ನು ಕೇಳಿದೆ.
ಅವನು ಬೀಡಿ ತೆಗೆದು, ಕತ್ತೆತ್ತಿ,
ಮೊದಲ ಸಲ ನೋಡುವವನಂತೆ ಗುಡ್ಡ ನೋಡಿದ.
"ಯಾರೂ ಕೇಳಿಲ್ಲಪ್ಪ" ಅಂದ,
"ನೀನ ಹತ್ತಿ ಬಾ, ಬಂದು ಹೇಳು."