ಗುಡಾಣದ ಬಾಯಿ

ಈ ವರುಷ ನನ್ನ ಭುಜ ಹಿಡಿಸಲಿಲ್ಲ.
ನೆಲದಲ್ಲಿ ಕುತ್ತಿಗೆಯವರೆಗೆ ಹೂತ ಗುಡಾಣದ ಬಾಯಲ್ಲಿ
ಸಿಕ್ಕಿಕೊಂಡು ಒದ್ದಾಡಿದೆ. ಮಾವ ನಕ್ಕ:
"ಬೆಳೆದುಬಿಟ್ಟೆಯಲ್ಲೇ, ಸಾಕು, ಮೇಲೆ ಬಾ."

ತಮ್ಮ ವಾಖೊ ಇಳಿದ,
ಚೆರ್ರಿ ತೊಗಟೆಯ ಬ್ರಶ್ಶು ಹಿಡಿದು,
ಹೋದ ಸಲದ ವೈನಿನ ಗಸಿ ಕೆರೆಯಲು.
ನಾಳೆ ಅಲಜಾನಿ ಕಣಿವೆಯಿಂದ ದ್ರಾಕ್ಷಿ ಬರುತ್ತದೆ.

ಒಳಗಿದ್ದವರು ಹಾಡುತ್ತಲೇ ಇರಬೇಕು,
ಅಜ್ಜಿ ತ್ಸಿಯಾಲಳ ಕಟ್ಟಳೆ.
ಹಾಡು ನಿಂತಿತೋ, ಹಗ್ಗ ಎಳೆ.
ಏಳು ವರುಷ ಹಾಡಿದ್ದೆ ನಾನು,
ಬೇಸರ ಕಳೆಯಲಿಕ್ಕೆಂದೇ ತಿಳಿದು.

ಇಂದು ಹಗ್ಗ ನನ್ನ ಕೈಯಲ್ಲಿ.
ಅವನಿಗೆ ಬರುವುದು ಮಗ್ಗಿಯೊಂದೇ:
ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು...
ಏಳಾರ್ಲ
ಏಳಾರ್ಲ

ಅಜ್ಜಿಯೂ ನಾನೂ ಒಟ್ಟಿಗೇ
ಮಣ್ಣಿಗೆ ಮೊಣಕಾಲೂರಿ ಕೂಗಿದೆವು,
ನಲವತ್ತೆರಡೋ!

"ಗೊತ್ತಿತ್ತು,"
ಎಂದಿತು ಗುಡಾಣ,
ಹೊಟ್ಟೆಯಾಳದಿಂದ.