ಸ್ವಲ್ಪ ಸರಿದು ಕೂರಿ

ಪ್ರಭಾದೇವಿಯ ಈ ಗಾಳಾದಲ್ಲಿ, ನೂರ ತೊಂಬತ್ತು ಚದರಡಿ,
ಒಂದು ಕಂಪ್ಯೂಟರು; ಅದರ ಹೊಟ್ಟೆಯಲ್ಲಿ ಇನ್ನೊಂದು.
ಹೊರಗಿನದು ಹೊಸತು, ಕಂತು ಇನ್ನೂ ತೀರಿಲ್ಲ.
ಒಳಗಿನದಕ್ಕೆ ಮೈಯಿಲ್ಲ, ತಂತಿಯಿಲ್ಲ, ಬರಿಯ ಒಂದು ಫೈಲು;
ಆದರೂ ತಾನು ಯಂತ್ರವೆಂದೇ ಅದರ ನಂಬಿಕೆ.
ಬೆಳಿಗ್ಗೆ ಎಬ್ಬಿಸಿದರೆ ನೀಲಿ ಪರದೆ ತೆರೆದು
ಇಪ್ಪತ್ತು ವರ್ಷದ ಹಿಂದಿನ ರಾಗದಲ್ಲಿ ನಮಸ್ಕಾರ ಹೇಳುತ್ತದೆ.

ನಮ್ಮ ಪ್ರೆಸ್ಸಿನ ಹಳೆಯ ಅಕ್ಷರಗಳು ಅಲ್ಲಿ ಮಾತ್ರ ಬದುಕುತ್ತವೆ.
ಹೊರಗೆ ತಂದರೆ 'ಕ್ಷ' ಒಡೆದು ಚೌಕವಾಗುತ್ತದೆ,
'ಶ್ರೀ' ಅಂತೂ ಡಾಲರ್ ಚಿಹ್ನೆ.
ಲಗ್ನಪತ್ರಿಕೆಯಲ್ಲಿ ಅದು ನಡೆಯುವುದಿಲ್ಲ.

ಮೊನ್ನೆ ಕೆಂಪು ಪಟ್ಟಿ ಬಂತು: ಜಾಗವಿಲ್ಲ.
ಒಳಗಿನದು ನುಂಗಿದ್ದು ನೂರ ಹದಿನೆಂಟು ಜೀಬಿ.
ಅಳಿಸಲು ಕೂತೆ.
ಮೊದಲು ಸಂಘದ ವಾರ್ಷಿಕ ವರದಿಗಳು,
'ಫೈನಲ್', 'ಫೈನಲ್ ಹೊಸತು', 'ಇದೇ ಫೈನಲ್'.
ಆಮೇಲೆ ಉತ್ತರಕ್ರಿಯೆಯ ಕಾರ್ಡುಗಳು.
ಆಮೇಲೆ ಮದುವೆಗಳು, ಸಾಂತಾಕ್ರೂಜ್, ಡೊಂಬಿವಿಲಿ, ಭಾಂಡುಪ್.
ವಿಮಲಾಕ್ಷಿ ಎಂಬವಳದೊಂದು, ವರನ ಹೆಸರು ಎರಡು ಸಲ ತಿದ್ದಿ
ಕೊನೆಗೆ ಮುದ್ರಣಕ್ಕೇ ಹೋಗದೆ ಉಳಿದದ್ದು.
ಅಳಿಸಿದೆ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ.
ಹೊರಗೆ ಬಂದು ನೋಡಿದರೆ: ನೂರ ಹದಿನೆಂಟು.
ಕೂದಲೆಳೆಯಷ್ಟೂ ಇಳಿದಿಲ್ಲ.

ಮೀರಾ ರೋಡಿನ ಫರ್ಜಾನಾ ಫೋನಿನಲ್ಲಿ ನಕ್ಕಳು.
"ನೀನು ಬಾಗಿಲ ಮೇಲಿನ ಹೆಸರು ಒರೆಸಿದ್ದೀ, ಅಷ್ಟೇ.
ಸಾಮಾನು ಒಳಗೇ ಇದೆ. ಹೊರಗಿನವನಿಗೆ ಏನು ಗೊತ್ತು
ಯಾವ ಖೋಲಿ ಖಾಲಿ, ಯಾವುದರಲ್ಲಿ ಸಂಸಾರ?
ಅವನಿಗೆ ಅರ್ಥವಾಗುವುದು ಸೊನ್ನೆಯೊಂದೇ.
ಬಿಟ್ಟುಹೋದ ಕಡೆಯೆಲ್ಲ ಸೊನ್ನೆ ಬರೆ. ಆಮೇಲೆ ಹಿಂಡು."

ಮೊದಲು ಉಳಿದವರನ್ನು ಒಂದು ಕಡೆ ಸೇರಿಸಬೇಕು.
ಅದು ನನಗೇನು ಹೊಸದಲ್ಲ. ಎಂಟೂ ಹದಿನಾಲ್ಕರ ಲೋಕಲಿನಲ್ಲಿ
ಮೂವರ ಸೀಟಿನ ತುದಿಗೆ ಅರ್ಧ ಸೊಂಟವಿಟ್ಟು
'ಜರಾ ಸರ್ಕೋ ನಾ' ಅನ್ನುವವಳು ನಾನು.
ಕಿಟಕಿಯವಳು ಉಸಿರು ಬಿಗಿಹಿಡಿಯುತ್ತಾಳೆ,
ನಡುವಿನವಳು ಚೀಲವನ್ನು ತೊಡೆಗೆ ಏರಿಸಿಕೊಳ್ಳುತ್ತಾಳೆ,
ಯಾರೂ ಕಣ್ಣೆತ್ತದೆಯೇ ಒಂದು ಗೇಣು ಹುಟ್ಟುತ್ತದೆ.

ಆಮೇಲೆ ಸೊನ್ನೆ.
ಫರ್ಜಾನಾ ಹೇಳಿರದ ವಿಚಿತ್ರವೊಂದು ಇಲ್ಲಿದೆ:
ಇಳಿಯುವ ಮೊದಲು ಅದು ಉಬ್ಬುತ್ತದೆ.
ಸೊನ್ನೆಗೂ ಕೂರಲು ಜಾಗ ಬೇಕು.
ನೂರ ಇಪ್ಪತ್ತೈದು, ನೂರ ಮೂವತ್ತು, ಮತ್ತೆ ಕೆಂಪು ಪಟ್ಟಿ.
ನಿಲ್ಲಿಸಿ, ಪಕ್ಕದ ಝೆರಾಕ್ಸ್ ಅಂಗಡಿಯ ನಿಕಮ್ ಹತ್ತಿರ ಓಡಿ
ಒಂದು ಡಿಸ್ಕು ಎರವಲು ತಂದು
(ಮದುವೆಗೆ ನೆರೆಮನೆಯ ಖೋಲಿ ಕೇಳುವ ಹಾಗೆ)
ಇಡೀ ಸಂಸಾರ ಅಲ್ಲಿಗೆ ಸಾಗಿಸಿ, ಮತ್ತೆ ಮೊದಲಿನಿಂದ.

ಹನ್ನೊಂದಾಯಿತು. ಹೊರಗೆ ಹಮಾಲರು ಕೈಗಾಡಿಯ ಮೇಲೆಯೇ ಮಲಗಿದರು.
ವಿಮಲಾಕ್ಷಿ ಇದ್ದಲ್ಲಿ ಈಗ ಸೊನ್ನೆ, ಸೊನ್ನೆ.
ಇನ್ನು ಯಾರು ಬಂದು ಕೆದಕಿದರೂ ಸಿಗುವುದಿಲ್ಲ.
ಗುಂಡಿ ಒತ್ತುವ ಮುಂಚೆ ಕೈ ಸ್ವಲ್ಪ ನಿಂತಿತ್ತು, ಹೇಳಲೇಬೇಕು.

ಬೆಳಿಗ್ಗೆ: ಮೂವತ್ತೊಂದು.
ಮಾಲೀಕರು, ನೋಣಯ್ಯ ಸಾಲ್ಯಾನರು, ಕನ್ನಡಕ ಏರಿಸಿ ನೋಡಿದರು.
"ಉಳಿದದ್ದು ಎಲ್ಲಿಗೆ ಹೋಯಿತು?"
"ಎಲ್ಲಿಗೂ ಇಲ್ಲ. ಅದು ಆಗಲೇ ಇರಲಿಲ್ಲ."
"ಇಲ್ಲದ್ದು ಅಷ್ಟು ಜಾಗ ಹಿಡಿದಿತ್ತೋ?"
ತಲೆಯಾಡಿಸಿ ತಮ್ಮ ಮೇಜಿಗೆ ಹೊರಟರು.

ನೇರ ಹೋದರೆ ನಾಲ್ಕು ಹೆಜ್ಜೆ.
ಅವರು ಗೋಡೆ ಸವರಿಕೊಂಡು ಬಳಸಿಯೇ ಹೋಗುವುದು.
ನಡುವೆ ಟ್ರೆಡಲ್ ಯಂತ್ರವಿತ್ತು; ಗುಜರಿಗೆ ಹೋಗಿ ಒಂಬತ್ತು ವರ್ಷ.
ನೆಲದಲ್ಲಿ ನಾಲ್ಕು ಬೋಲ್ಟಿನ ತೂತು, ಒಂದು ಎಣ್ಣೆಯ ಕಲೆ.
ಇವತ್ತು ನನ್ನ ಕುರ್ಚಿಯನ್ನು ಎಳೆದು ಅಲ್ಲಿ ಹಾಕಿದೆ.
ಅವರು ಏನೂ ಅನ್ನಲಿಲ್ಲ.
ಮಧ್ಯಾಹ್ನ ಚಹಾ ಬಂದಾಗ ನನ್ನ ಗ್ಲಾಸನ್ನು
ತುಸು ಎತ್ತಿ, ಕೈ ಉದ್ದ ಚಾಚಿ,
ಯಂತ್ರದಾಚೆಯಿಂದ ದಾಟಿಸುವ ಹಾಗೆ ಕೊಟ್ಟರು.