ಹೀಟ್ ನಂಬರ್

ರಾತ್ರಿ ಎರಡೂವರೆಗೆ ಮಾಚೇನಹಳ್ಳಿಯ ಫೌಂಡ್ರಿಯಲ್ಲಿ
ಮರಳು ಕಲಸುವ ಮಿಷಿನ್ನು ಕೆಮ್ಮಿ, ಕೆಮ್ಮಿ, ನಿಂತುಹೋಯಿತು.
ಫಿಟ್ಟರ್ ಭದ್ರಾವತಿಯಿಂದ ಬರಬೇಕು.
ಅಲ್ಲಿತನಕ ತಣ್ಣಗಾದ ಗೇರ್‌ಬಾಕ್ಸುಗಳ ಮೇಲೆ
ಐದು ಜನ ಕೂತೆವು,
ಕಬ್ಬಿಣದ ಮೊಟ್ಟೆಗೆ ಕಾವು ಕೊಡುವವರ ಹಾಗೆ.

ಸೆಲ್ವಂನ ಜೇಬಲ್ಲಿ ಟಿಕೆಟ್ಟು.
ನಮ್ಮಲ್ಲಿ ಲಾಟರಿ ಬಂದಾಗಿ ಕಾಲವಾಯಿತು;
ಇದು ಕಾಸರಗೋಡಿನದು. ಗುಜರಿ ಹೊರುವ ಲಾರಿಯ ಶಂಸು
ತಲೆಗೆ ಅರವತ್ತರಂತೆ ಕಿತ್ತುಕೊಂಡು ತಂದದ್ದು.
ಮೇಲೆ ಒಂದು ಆನೆ, ಓದಲು ಬಾರದ ಅಕ್ಷರ,
ಓದಲು ಬರುವ ಸೊನ್ನೆಗಳು.

ಎಷ್ಟು ಬಂದರೆ ಬಿಡ್ತೀರಿ ಕೆಲಸ?
ಕೇಳಿದವ ಹಾಲಸ್ವಾಮಿ. ಕೇಳಿ ತಾನೇ ಬೀಡಿ ಹಚ್ಚಿ
ಉತ್ತರದಿಂದ ತಪ್ಪಿಸಿಕೊಂಡ.

ಮೂರು ಲಕ್ಷ ಎಂಬತ್ತು ಸಾವಿರ, ಎಂದ ಸೆಲ್ವಂ.
ಸೊಸೈಟಿ ಸಾಲ ಅಷ್ಟೇ ಇರೋದು.
ಆಮೇಲೆ ಊಟಕ್ಕೆ?
ಆಮೇಲೂ ಬರ್ತೀನಿ ಕೆಲಸಕ್ಕೆ. ಆದರೆ
ಬೇಜಾರಾದ ದಿನ ಬರೋದಿಲ್ಲ.

ತೀರ್ಥಪ್ಪನ ತುಟಿ ಮಾತ್ರ ಆಡುತ್ತಿತ್ತು.
ಹೇಳಿದರೆ ಬರೋದಿಲ್ಲ ಮಾರಾಯ, ಎಂದ.
ತುಸು ಹೊತ್ತು ಬಿಟ್ಟು: ಕೆಲಸ ಬಿಟ್ಟವರಿಗೆ
ಕ್ಯಾಂಟೀನಿನ ಚಿತ್ರಾನ್ನ ಕೊಡ್ತಾರೇನೋ?

ನದೀಮನಿಗೆ ಇಪ್ಪತ್ತು ವರ್ಷ, ಅವನದು ಕೋಟಿ.
ಕೋಟಿ ಬಂದರೆ ಏನು ಮಾಡ್ತೀಯ?
ಒಂದು ಫರ್ನೇಸ್ ತಗೋತೀನಿ. ನಿಮ್ಮನ್ನೆಲ್ಲ ಕರ್ಕೋತೀನಿ.
ರಾತ್ರಿ ಪಾಳಿ ಮಾತ್ರ ಇಲ್ಲ.
ಅಷ್ಟಕ್ಕೇ ಸುಮ್ಮನಾಗಬೇಕಿತ್ತು ನಾವು.
ಹಾಲಸ್ವಾಮಿ ಬೋನಸ್ ಕೇಳಿದ. ಸೆಲ್ವಂ ಬೂಟು ಕೇಳಿದ.
ತೀರ್ಥಪ್ಪ ಆ ಗದ್ದಲದಲ್ಲೇ ಮತ್ತೆ ಚಿತ್ರಾನ್ನ.
ಹುಡುಗ ಮೊದಲು ನಗುತ್ತಿದ್ದ, ಆಮೇಲೆ ನಗಲಿಲ್ಲ.
ಆರ್ಡರ್ ಕಮ್ಮಿ ಇದೆ, ಎಂದ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ, ಎಂದ.
ಇನ್ನೂ ಹುಟ್ಟದ ಕಾರ್ಖಾನೆಯ ಗೇಟಿನಲ್ಲಿ
ಮೂರು ಗಂಟೆ ಹತ್ತು ನಿಮಿಷಕ್ಕೆ
ನಾವು ಮುಷ್ಕರ ಹೂಡಿದೆವು.

ನನ್ನ ಸರದಿಯನ್ನು ಯಾರೂ ಕೇಳಲಿಲ್ಲ.
ಸೀಮೆಸುಣ್ಣದ ತುಂಡೊಂದು ಬಿದ್ದಿತ್ತು.
ಕೂತ ಕ್ಯಾಸ್ಟಿಂಗಿನ ಪಕ್ಕೆಯ ಮೇಲೆ ಬರೆದೆ:
ಕೈಗೆ ಬರುವುದು ಹತ್ತೊಂಬತ್ತು ಸಾವಿರದ ನಾನೂರು,
ಇಂಟು ಹನ್ನೆರಡು, ಇಂಟು ಹದಿನೇಳು
(ಐವತ್ತೆಂಟಕ್ಕೆ ಕಳಿಸುತ್ತಾರೆ, ನನಗೆ ನಲವತ್ತೊಂದು).
ಎರಡು ಸಲ ಗುಣಿಸಿದೆ. ತಪ್ಪಿರಲಿಲ್ಲ.
39,57,600.

ನಾನು ಇನ್ನೂ ಜಾಸ್ತಿ ಇರಬಹುದು ಅಂದುಕೊಂಡಿದ್ದೆ.
ವಿನೋಬನಗರದಲ್ಲಿ ಮೂವತ್ತು-ನಲವತ್ತರ ಸೈಟಿಗೆ
ಇದಕ್ಕಿಂತ ಮೇಲೆ ಹೇಳುತ್ತಾರೆ, ಅದು ಬರೀ ಹುಲ್ಲು.
ಹದಿನೇಳು ವರ್ಷದ ಮರಳು, ಹೊಗೆ, ಕಣ್ಣಿನ ಉರಿ,
ಹಗಲಲ್ಲಿ ಕಿಟಕಿಗೆ ರಟ್ಟು ಕಟ್ಟಿ ಮಲಗಿದ ನಿದ್ದೆ,
ಆಡಿಸದೆ ಉಳಿದ ಮಗಳ ಆಟ, ಎಲ್ಲ ಸೇರಿ
ಒಂದು ಸಾಲಿನಲ್ಲಿ ಹಿಡಿಯಿತು,
ಇನ್ನೊಂದು ಸೊನ್ನೆಗೆ ಜಾಗವೂ ಉಳಿಯಿತು.
ಹಾಕಲೇ ಎಂದು ಯೋಚಿಸಿದೆ.
ಹೊರಗೆ ಫಿಟ್ಟರನ ಬೈಕು ಸದ್ದು ಮಾಡಿತು.

ಟಿಕೆಟ್ಟಿನ ಕತೆ ಏನಾಯಿತು ಅಂತ ಕೇಳಬೇಡಿ.
ಏನೂ ಆಗಲಿಲ್ಲ. ಆನೆಯ ಚಿತ್ರ ಚೆನ್ನಾಗಿದೆಯೆಂದು
ಸೆಲ್ವಂ ಅದನ್ನು ಲಾಕರಿನ ಒಳಬಾಗಿಲಿಗೆ ಅಂಟಿಸಿದ.

ಆಗಿದ್ದು ಇದು:
ಬೆಳಗಿನ ಪಾಳಿಗೆ ಇನ್‌ಸ್ಪೆಕ್ಷನ್ನಿನ ಹೊಸ ಹುಡುಗಿ ಪುಷ್ಪಲತಾ
ನಾನು ಒರೆಸಲು ಮರೆತ ಲೆಕ್ಕ ನೋಡಿ
ಹೀಟ್ ನಂಬರ್ ಎಂದುಕೊಂಡಳು. ರಿಜಿಸ್ಟರಿಗೆ ಏರಿಸಿ,
ಹಳದಿ ಬಣ್ಣದಲ್ಲಿ ಅದನ್ನೇ ತಿದ್ದಿ ಬರೆದು, ಓಕೆ ಮಾಡಿದಳು.
ನನಗೆ ಗೊತ್ತಾಗುವಷ್ಟರಲ್ಲಿ ಲಾರಿ ಹರಿಹರ ದಾಟಿತ್ತು.

ಎಲ್ಲೋ ಒಂದು ಟ್ರಾಕ್ಟರಿನ ಹೊಟ್ಟೆಯೊಳಗೆ,
ಎಣ್ಣೆಯ ಕತ್ತಲಲ್ಲಿ,
ಹಲ್ಲಿಗೆ ಹಲ್ಲು ಕಚ್ಚಿ ತಿರುಗುವ ಚಕ್ರಗಳನ್ನು ಹಿಡಿದುಕೊಂಡು
ನನ್ನ ಹದಿನೇಳು ವರ್ಷ ಆಗಲೇ ಕೆಲಸಕ್ಕೆ ಸೇರಿದೆ.
ಇಲ್ಲಿ ನಾನು
ಎಂಟೂವರೆಯ ಸಿಟಿ ಬಸ್ಸಿನಲ್ಲಿ ತೂಕಡಿಸುತ್ತೇನೆ.
ಟಿಕೆಟ್, ಟಿಕೆಟ್, ಎನ್ನುತ್ತಾನೆ ಕಂಡಕ್ಟರ್.
ಜೇಬು ತಡಕುತ್ತೇನೆ.